ಬಳ್ಳಾರಿಯಿಂದ ಹಾಸನಕ್ಕೆ ಬಂದಿದ್ದೇವೆ, ಈ ಚಳಿಯಲ್ಲಿ ಹೇಗೆ ಇರುತ್ತೀರಿ?

ಬಿಸಿಲೂರಿನವಳು:

ಹುಟ್ಟಿ ಬೆಳೆದದ್ದು ಬಳ್ಳಾರಿ. ಜೂನ್‌ನಲ್ಲಿ ಬ್ಯಾಂಕಿನ ವರ್ಗಾವಣೆಯ ಮೇಲೆ ಹಾಸನಕ್ಕೆ ಬಂದೆ. ರಿಂಗ್ ರಸ್ತೆಯ ಆಚೆಗಿನ ಹೊಸ ಬಡಾವಣೆಯಲ್ಲಿ ಬಾಡಿಗೆ ಮನೆ. ಅರ್ಧಕ್ಕರ್ಧ ನಿವೇಶನಗಳು ಇನ್ನೂ ಖಾಲಿ, ಹಿಂದುಗಡೆ ಒಂದು ಕೆರೆ. ಜೊತೆಯಲ್ಲಿ 72 ವರ್ಷದ ಅವ್ವ. ಮಳೆಗಾಲವನ್ನು ಹೇಗೋ ದಾಟಿದೆವು. ಡಿಸೆಂಬರ್ ಮೊದಲ ವಾರಕ್ಕೆ ಇಬ್ಬರೂ ಸೋತಿದ್ದೇವೆ. ನಮ್ಮೂರಿನಲ್ಲಿ ವರ್ಷವಿಡೀ ನೀರಿನಂತೆ ಹರಿಯುವ ಕೊಬ್ಬರಿ ಎಣ್ಣೆ ಇಲ್ಲಿ ಬಾಟಲಿಯೊಳಗೆ ಕಲ್ಲಾಗಿ ಕುಳಿತಿದೆ. ಹಾಲು ಹೆಪ್ಪುಗಟ್ಟುವುದಿಲ್ಲ, ದೋಸೆ ಹಿಟ್ಟು ಉಬ್ಬುವುದಿಲ್ಲ. ಎರಡು ರಗ್ಗು ಹೊದ್ದರೂ ಅವ್ವನಿಗೆ ಬೆನ್ನು ತಣ್ಣಗೆ. ಮನೆಯ ಒಳಗೇ ಹೊರಗಿಗಿಂತ ಹೆಚ್ಚು ಚಳಿ ಎನಿಸುವುದು ನನ್ನ ಭ್ರಮೆಯೋ? ಎಲ್ಲಕ್ಕಿಂತ ಕಷ್ಟವೆಂದರೆ ಸಂಜೆ ಆರೂವರೆಗೆ ಬೀದಿ ಪೂರ್ತಿ ಬಾಗಿಲು ಹಾಕಿಕೊಳ್ಳುತ್ತದೆ. ನಾನು ಬರುವುದು ಏಳಕ್ಕೆ. ಅಷ್ಟು ಹೊತ್ತೂ ಅವ್ವ ಒಬ್ಬಳೇ ಟಿ.ವಿ. ಮುಂದೆ ಮುದುಡಿ ಕುಳಿತಿರುತ್ತಾಳೆ. ರೂಮ್ ಹೀಟರ್ ತರಬೇಕೆಂದಿದ್ದೇನೆ. ಅನುಭವಿಗಳು ದಾರಿ ತೋರಿಸಿ.

ತಣ್ಣೀರುಹಳ್ಳದಿಂದ:

ನಮ್ಮ ಬಡಾವಣೆಯ ಹೆಸರೇ ತಣ್ಣೀರುಹಳ್ಳ. ಇನ್ನು ನಮ್ಮನ್ನು ಏನು ಕೇಳುತ್ತೀರಿ ಮೇಡಂ?

ನಿವೃತ್ತ ವಿಜ್ಞಾನ ಶಿಕ್ಷಕಿ, ಕುವೆಂಪುನಗರ:

ಭ್ರಮೆಯಲ್ಲ ತಂಗಿ. ಬಳ್ಳಾರಿಗಿಂತ ಹಾಸನ ಹೆಚ್ಚುಕಡಿಮೆ ಎರಡರಷ್ಟು ಎತ್ತರದಲ್ಲಿದೆ, ಸಮುದ್ರಮಟ್ಟದಿಂದ ಸುಮಾರು 950 ಮೀಟರ್. ‘ಬಡವರ ಊಟಿ’ ಎಂದು ಸುಮ್ಮನೆ ಕರೆಯಲಿಲ್ಲ. ಹಾಸನಾಂಬೆಯ ಗುಡಿಯ ಬಾಗಿಲು ದೀಪಾವಳಿಯ ಹೊತ್ತಿಗೆ ಒಂದು ವರ್ಷದ ಮಟ್ಟಿಗೆ ಮುಚ್ಚಿತೆಂದರೆ ನಾವು ಪೆಟ್ಟಿಗೆಯಿಂದ ಸ್ವೆಟರ್ ತೆಗೆಯುತ್ತೇವೆ. ನಮ್ಮ ಲೆಕ್ಕ ಅಷ್ಟೇ.

ನೀವು ಮಾಡುತ್ತಿರುವ ತಪ್ಪು, ಮನೆಯೊಳಗೆ ಕುಳಿತು ಚಳಿಯೊಂದಿಗೆ ಗುದ್ದಾಡುತ್ತಿರುವುದು. ನಮ್ಮ ಮನೆಗಳನ್ನು ಶಾಖ ಹಿಡಿದಿಡಲು ಕಟ್ಟಿಯೇ ಇಲ್ಲ. ಬೇಸಿಗೆಯ ಬಿಸಿ ಹೊರಗೆ ಹೋಗಲೆಂದು ಮೇಲೆ ಗಾಜಿಲ್ಲದ ವೆಂಟಿಲೇಟರ್, ಕೆಳಗೆ ಟೈಲ್ಸ್, ತಲೆಯ ಮೇಲೆ ಕಾಂಕ್ರೀಟು. ಮೋಡವಿಲ್ಲದ ರಾತ್ರಿಯಲ್ಲಿ ಆ ತಾರಸಿ ತನ್ನಲ್ಲಿದ್ದ ಶಾಖವನ್ನೆಲ್ಲ ಆಕಾಶಕ್ಕೆ ಬಿಟ್ಟುಕೊಡುತ್ತದೆ. ಬೆಳಿಗ್ಗೆ ಎಂಟಕ್ಕೆ ಹೊರಗಿನ ಗಾಳಿ ಬೆಚ್ಚಗಾಗುತ್ತ ಬಂದರೂ ಗೋಡೆ, ನೆಲ ರಾತ್ರಿಯದೇ ತಣ್ಣಗನ್ನು ಹಿಡಿದುಕೊಂಡಿರುತ್ತವೆ. ನನ್ನ ತವರು ಹೊಳೆನರಸೀಪುರದ ಕಡೆಯ ಮಣ್ಣುಗೋಡೆಯ ಮನೆ. ನಾಡಹೆಂಚು, ಕೆಳಗೆ ಅಟ್ಟ, ಅಟ್ಟದ ತುಂಬ ರಾಗಿ ಹುಲ್ಲು, ನಡುಮನೆಯ ಪಕ್ಕದಲ್ಲೇ ನಾಲ್ಕು ದನ. ಆ ಮನೆಯಲ್ಲಿ ವಾಸನೆ ಇತ್ತು, ಚಳಿ ಇರಲಿಲ್ಲ. ಈಗ ವಾಸನೆ ಇಲ್ಲ.

ಆದ್ದರಿಂದ ಬಿಸಿಲು ಎಲ್ಲಿದೆಯೋ ಅಲ್ಲಿಗೆ ನೀವೇ ಹೋಗಿ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿಕೊಂಡು ನಡೆಯುತ್ತಾನೆ. ಸೋಲಾರ್ ಹೀಟರ್‌ಗಳನ್ನು ದಕ್ಷಿಣಕ್ಕೆ ಮುಖ ಮಾಡಿ ಕೂರಿಸುವುದು ಅದಕ್ಕೇ. ದಕ್ಷಿಣದ ಕಿಟಕಿಯನ್ನು ಹನ್ನೊಂದಕ್ಕೆ ಪರದೆ ಸರಿಸಿ ತೆರೆಯಿರಿ, ಬಿಸಿಲು ನೆಲಕ್ಕೆ ಬೀಳಲಿ. ನಾಲ್ಕಕ್ಕೆ ಮರೆಯದೆ ಮುಚ್ಚಿ. ಆರಕ್ಕಲ್ಲ, ನಾಲ್ಕಕ್ಕೆ. ವಾಸ್ತುವಿನವರ ಮಾತು ಕೇಳಿ ಯಜಮಾನರು ದಕ್ಷಿಣಕ್ಕೆ ಕಿಟಕಿಯೇ ಇಡದಿದ್ದರೆ ಅವ್ವನ ಕುರ್ಚಿಯನ್ನು ಅಂಗಳಕ್ಕೆ ಹಾಕಿ. ಒಂಬತ್ತರಿಂದ ಹತ್ತೂವರೆಯವರೆಗೆ ಎಳೆ ಬಿಸಿಲು ಬೆನ್ನಿಗೆ ಬೀಳುವಂತೆ ಕೂರಲಿ. ಬಿಸಿಲು ಕಾಯಿಸುವುದೆಂದರೆ ನಮ್ಮಲ್ಲಿ ಸೋಮಾರಿತನವಲ್ಲ, ದಿನಚರಿ. ಎಣ್ಣೆಯ ಬಾಟಲಿಯನ್ನೂ ಕಾಂಪೌಂಡಿನ ಮೇಲೆ ಜೊತೆಗೇ ಇಡಿ. ಕೊಬ್ಬರಿ ಎಣ್ಣೆ 24 ಡಿಗ್ರಿಯ ಆಸುಪಾಸಿನಲ್ಲಿ ಕರಗುತ್ತದೆ, ಅವ್ವ ಎದ್ದು ಒಳಗೆ ಹೋಗುವಷ್ಟರಲ್ಲಿ ತಲೆಗೆ ಹಚ್ಚಲು ತಯಾರು.

ಇನ್ನು ಬೆನ್ನಿನ ವಿಷಯ. ಚಳಿ ಮೇಲಿನಿಂದ ಮಾತ್ರ ಬರುವುದಿಲ್ಲ. ಎರಡು ರಗ್ಗುಗಳಲ್ಲಿ ಒಂದನ್ನು ತೆಗೆದು ಹಾಸಿಗೆಯ ಮೇಲೆ, ಮೈಕೆಳಗೆ ಹಾಸಿ. ಕರಿಕಂಬಳಿ ಸಿಕ್ಕರೆ ಇನ್ನೂ ಒಳ್ಳೆಯದು. ಚುಚ್ಚುತ್ತದೆ ಎನ್ನುವವರು ಅದರ ಮೇಲೊಂದು ಹಳೆಯ ಹತ್ತಿ ಸೀರೆ ಹಾಸಬೇಕು. ನನ್ನ ಅತ್ತೆಯ ಕಂಬಳಿಗೆ ಈಗ ನಲವತ್ತು ದಾಟಿದೆ, ಕುರಿಯ ವಾಸನೆ ಇನ್ನೂ ಹೋಗಿಲ್ಲ. ಮೊಮ್ಮಕ್ಕಳು ಮೂಗು ಮುಚ್ಚಿಕೊಂಡೇ ಅದರೊಳಗೆ ನುಗ್ಗುತ್ತಾರೆ.

ಒಂದು ಸಮಾಧಾನದ ಸುದ್ದಿ. ಅತಿ ಚಿಕ್ಕ ಹಗಲು ಬರುವುದು ಡಿಸೆಂಬರ್ 21–22ರಂದು, ಆದರೆ ಸಂಜೆಗಳು ನವೆಂಬರ್ ಕೊನೆಯಿಂದಲೇ ದಿನಕ್ಕಿಷ್ಟು ಬೆಳೆಯುತ್ತ ಬಂದಿರುತ್ತವೆ. ಬೆಳಗ್ಗಿನ ಕತೆ ಬೇರೆ. ಹಾಸನದಲ್ಲಿ ಸೂರ್ಯ ಅತಿ ತಡವಾಗಿ ಹುಟ್ಟುವುದು ಜನವರಿಯ ಮೂರನೇ ವಾರದ ಹೊತ್ತಿಗೆ, 6 ಗಂಟೆ 50 ನಿಮಿಷ ದಾಟಿದ ಮೇಲೆ. ಸಂಕ್ರಾಂತಿ ಕಳೆದರೂ ಬೆಳಗು ಕತ್ತಲೆಯಾಗಿಯೇ ಇದೆಯಲ್ಲ ಎಂದು ಗಾಬರಿಯಾಗಬೇಡಿ.

ವೈರು-ಪೈಪು:

ನಾನು ಪ್ಲಂಬಿಂಗ್, ವೈರಿಂಗ್ ಎರಡನ್ನೂ ಮಾಡುವವನು. ಚಳಿಗಾಲದಲ್ಲಿ ದಿನಕ್ಕೆ ಹತ್ತು ಫೋನು, ಅದರಲ್ಲಿ ಎಂಟು ‘ಸೋಲಾರ್ ಕೆಟ್ಟಿದೆ’ ಎಂದು. ಹೋಗಿ ನೋಡಿದರೆ ಕೆಟ್ಟಿರುವುದಿಲ್ಲ. ತಾರಸಿಯಿಂದ ಬಚ್ಚಲಿನವರೆಗಿನ ಪೈಪಿನಲ್ಲಿ ರಾತ್ರಿಯಿಡೀ ನಿಂತ ನೀರು ತಣ್ಣಗೆ ಬರುತ್ತದೆ, ಮೊದಲ ಒಂದು ಬಕೆಟ್ ಹಾಗೆಯೇ. ಅಲ್ಲಿಗೇ ನಲ್ಲಿ ನಿಲ್ಲಿಸಿ ನನಗೆ ಫೋನು ಮಾಡುತ್ತಾರೆ. ಆ ಬಕೆಟ್ಟನ್ನು ಗಿಡಕ್ಕೋ ಬಟ್ಟೆಗೋ ಇಟ್ಟುಕೊಳ್ಳಿ, ಎರಡನೆಯದು ಬಿಸಿ ಬರುತ್ತದೆ. ಬಿಸಿನೀರಿನ ಪೈಪಿಗೆ ಕಪ್ಪು ಫೋಮಿನ ಕವಚ ಹಾಕಿಸಿದರೆ ಇನ್ನೂ ಬೇಗ. ಬಂಗಾಳಕೊಲ್ಲಿಯಲ್ಲಿ ಚಂಡಮಾರುತ ಎದ್ದಾಗ ಇಲ್ಲಿ ಎರಡು ಮೂರು ದಿನ ಮೋಡ, ಜಿಟಿಜಿಟಿ. ಆಗ ಮಾತ್ರ ಸೋಲಾರ್ ಕೈಕೊಡುವುದು ಸಹಜ.

ಕರೆಂಟಿನ ಗೀಸರ್ ಇದ್ದರೆ ಲೆಕ್ಕ ತಿಳಿದಿರಲಿ. 15 ಲೀಟರಿನ, 2 ಕಿಲೋವ್ಯಾಟಿನ ಗೀಸರಿಗೆ ತಣ್ಣೀರು ಚೆನ್ನಾಗಿ ಕಾಯಲು ಸುಮಾರು 20 ನಿಮಿಷ ಸಾಕು, ಮುಕ್ಕಾಲು ಯೂನಿಟ್ ಒಳಗೆ ಆಗುತ್ತದೆ. ಆದರೆ ರೂಮ್ ಹೀಟರ್ 2 ಕಿಲೋವ್ಯಾಟಿನದು ಗಂಟೆಗೆ 2 ಯೂನಿಟ್ ತಿನ್ನುತ್ತದೆ, ವೆಂಟಿಲೇಟರ್ ತೆರೆದಿದ್ದರೆ ಬೀದಿಯನ್ನು ಬೆಚ್ಚಗೆ ಮಾಡುತ್ತದೆ. ತರುವುದೇ ಆದರೆ 16 ಆಂಪಿಯರಿನ ದೊಡ್ಡ ಪಿನ್ನಿನ ಪಾಯಿಂಟಿಗೇ ಹಾಕಿ, ಎಕ್ಸ್‌ಟೆನ್ಷನ್ ಬಾಕ್ಸ್ ಬೇಡವೇ ಬೇಡ. ಕರಗಿ ಅಂಟಿಕೊಂಡ ಬಾಕ್ಸ್‌ಗಳನ್ನು ಬಿಚ್ಚಿ ಬಿಚ್ಚಿ ನನಗೆ ಸಾಕಾಗಿದೆ.

ರಾತ್ರಿ ಪಾಳಿ:

ಆಸ್ಪತ್ರೆಯಲ್ಲಿ ಶುಶ್ರೂಷಕಿ. ಒಂದೇ ಮಾತು, ದಯವಿಟ್ಟು ಓದಿ. ಬಾಗಿಲು ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಟ್ಟುಕೊಂಡು ಮಲಗಬೇಡಿ. ಗಾಳಿಯಾಡದ ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಉರಿಸಬೇಡಿ. ಎರಡರಿಂದಲೂ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆ ಸುತ್ತುತ್ತಿದೆ ಎಂದು ಗೊತ್ತಾಗುವ ಹೊತ್ತಿಗೆ ಚಿಲಕ ತೆಗೆಯಲು ಕೈ ಏಳುವುದಿಲ್ಲ. ಸಿಲಿಂಡರ್ ಹೊರಗಿದೆಯಲ್ಲ ಎನ್ನುತ್ತಾರೆ. ಉರಿಯುವ ಪೆಟ್ಟಿಗೆ ಒಳಗಿದ್ದರೆ ಸಿಲಿಂಡರ್ ಎಲ್ಲಿದ್ದರೇನು? ನನ್ನ ಸ್ವಂತ ತಮ್ಮ ಸ್ನಾನಕ್ಕೆ ಹೋಗಿ ಬಾಗಿಲಿಗೆ ಒರಗಿ ಬಿದ್ದಿದ್ದ. ಅಮ್ಮ ‘ಸೋಪು ಬೇಕೇನೋ’ ಎಂದು ಎರಡು ಬಾರಿ ಕೂಗಿದ್ದರಿಂದ ಉಳಿದ. ಆ ಸೋಪಿನ ಬಿಲ್ಲೆಯನ್ನು ಅಮ್ಮ ಬಹಳ ದಿನ ಬಿಡಿಸಲೇ ಇಲ್ಲ.

ಅವ್ವನಿಗೆ ಬಿ.ಪಿ. ಇದ್ದರೆ ಮುಂಜಾನೆಯ ವಾಕಿಂಗ್ ಈಗ ಬೇಡ, ಬಿಸಿಲು ಬಿದ್ದ ಮೇಲೆ ಸಾಕು. ಬಾಯಾರಿಕೆ ಇಲ್ಲವೆಂದು ನೀರು ಕುಡಿಯುವುದನ್ನು ಬಿಡುತ್ತಾರೆ, ಅದನ್ನೂ ನೋಡಿಕೊಳ್ಳಿ. ಹಿಮ್ಮಡಿ ಒಡೆದಿದ್ದರೆ ರಾತ್ರಿ ಬಿಸಿನೀರಿನಲ್ಲಿ ಕಾಲು ನೆನೆಸಿ, ಒರೆಸಿ, ಹರಳೆಣ್ಣೆ ಹಚ್ಚಿ ಕಾಲುಚೀಲ ಹಾಕಿಸಿ.

ಎರಡನೇ ಕ್ರಾಸಿನ ಸೊಸೆ:

ಅಕ್ಕ, ಮೊಸರು ನನ್ನ ವಿಷಯ! ಮದುವೆಯಾಗಿ ಬಂದ ಮೊದಲ ಚಳಿಗಾಲದಲ್ಲಿ ಅತ್ತೆಯವರ ಮುಂದೆ ಮೂರು ದಿನ ಸತತವಾಗಿ ಹಾಲಿನಂಥ ಮೊಸರು ಬಡಿಸಿದವಳು ನಾನು. ನಾಲ್ಕನೆಯ ದಿನ ಅವರೇ ತೋರಿಸಿಕೊಟ್ಟರು. ಬೆರಳು ಅದ್ದಿದರೆ ‘ಸ್’ ಎನ್ನಬೇಕು, ಆದರೆ ಕೈ ಹಿಂದಕ್ಕೆ ಎಳೆಯುವಂತಿರಬಾರದು, ಹಾಲು ಅಷ್ಟು ಬಿಸಿ. ಬೇಸಿಗೆಯಲ್ಲಿ ಅರ್ಧ ಚಮಚ ಹೆಪ್ಪು ಹಾಕುವಲ್ಲಿ ಈಗ ಎರಡು ಚಮಚ. ಪಾತ್ರೆಗೆ ಮುಚ್ಚಳ ಹಾಕಿ, ಹಳೆಯ ಟವೆಲ್ಲಿನಲ್ಲಿ ಸುತ್ತಿ, ಅಕ್ಕಿ ಡಬ್ಬದೊಳಗೆ ಅಕ್ಕಿಯಲ್ಲಿ ಕುತ್ತಿಗೆಯವರೆಗೆ ಹೂತಿಡುವುದು. ಬೆಳಿಗ್ಗೆ ತೆಗೆದರೆ ಚಾಕುವಿನಿಂದ ಕೊಯ್ಯಬಹುದು. ಒಂದೇ ಎಚ್ಚರಿಕೆ: ನಿದ್ದೆಗಣ್ಣಿನಲ್ಲಿ ಅಕ್ಕಿ ಅಳೆಯಲು ಹೋಗಿ ಪಾತ್ರೆ ಮಗುಚಿದರೆ ಅವತ್ತು ಮೊಸರನ್ನವೇ.

ದೋಸೆ ಹಿಟ್ಟನ್ನು ರುಬ್ಬಲು ತಣ್ಣೀರು ಬೇಡ, ಉಗುರುಬೆಚ್ಚಗಿನ ನೀರು ಹಾಕಿ. ಒಂದು ಚಮಚ ಮೆಂತ್ಯ, ಒಂದು ಹಿಡಿ ಅವಲಕ್ಕಿ ಸೇರಲಿ. ಸಂಜೆ ಏಳಕ್ಕಲ್ಲ, ಮಧ್ಯಾಹ್ನ ಮೂರಕ್ಕೇ ರುಬ್ಬಿ ಬಿಸಿಲಿನ ಮೂಲೆಯಲ್ಲಿಡಿ. ಕೆಲಸಕ್ಕೆ ಹೋಗುವವರಿಗೆ ಮೂರು ಗಂಟೆ ಎಲ್ಲಿಂದ ಬರಬೇಕು ಎನ್ನುತ್ತೀರಿ, ಗೊತ್ತು. ಭಾನುವಾರ ರುಬ್ಬಿ. ಉಳಿದ ದಿನ ಅಕ್ಕಿರೊಟ್ಟಿ ತಟ್ಟಿ, ಅದಕ್ಕೆ ಚಳಿಯ ಹಂಗಿಲ್ಲ.

ನಾಲ್ಕೂವರೆ ಗಂಟೆ:

ನಾನು ಮನೆಮನೆಗೆ ಪತ್ರಿಕೆ ಹಾಕುವವನು. ಚಳಿಯ ಸೊಬಗನ್ನು ಹೊಗಳುವವರೆಲ್ಲ ಏಳು ಗಂಟೆಯ ನಂತರ ಏಳುವವರು. ನಾಲ್ಕೂವರೆಗೆ ಬಸ್ ನಿಲ್ದಾಣದ ಹತ್ತಿರ ಬಂಡಲ್ ಬಿಚ್ಚುವಾಗ ದಾರದ ಗಂಟು ಬೆರಳಿಗೆ ಸಿಗುವುದಿಲ್ಲ, ಹಲ್ಲಿನಿಂದ ಎಳೆಯಬೇಕು. ಟೀ ಅಂಗಡಿಯವರು ಹಿಂದಿನ ರಾತ್ರಿ ಬೆಂಕಿ ಹಾಕಿದ ಜಾಗದಲ್ಲಿ ಬೂದಿಯ ಮೇಲೆ ಮೂರು ನಾಯಿಗಳು ಒಂದೇ ಉಂಡೆಯಾಗಿ ಮಲಗಿರುತ್ತವೆ. ನಾನು ಬಂದೆನೆಂದು ಒಂದೂ ತಲೆ ಎತ್ತುವುದಿಲ್ಲ. ನಿಮ್ಮಂಥ ಕೆರೆಬದಿಯ ಬಡಾವಣೆಗಳೇ ಎಲ್ಲಕ್ಕಿಂತ ಕಷ್ಟ. ತಣ್ಣನೆಯ ಗಾಳಿ ತಗ್ಗಿಗೆ ಇಳಿದು ಅಲ್ಲೇ ನಿಲ್ಲುತ್ತದೆ, ಮೇಲೆ ಮಂಜು. ಪೇಟೆಯೊಳಗಿನಿಂದ ರಿಂಗ್ ರಸ್ತೆ ದಾಟುತ್ತಿದ್ದಂತೆ ಮುಖಕ್ಕೆ ಒದ್ದೆ ಬಟ್ಟೆ ಹೊಡೆದಂತಾಗುತ್ತದೆ.

ಉಪಾಯ ಕೇಳಿದ್ದೀರಿ, ಕೊಡುತ್ತೇನೆ. ಸ್ಕೂಟರ್ ಮೇಲೆ ಹೋಗುವಾಗ ಎರಡು ಹಾಳೆ ಹಳೆಯ ಪತ್ರಿಕೆಯನ್ನು ಸ್ವೆಟರ್ ಒಳಗೆ ಎದೆಗೆ ಅಡ್ಡಲಾಗಿ ಇಟ್ಟುಕೊಳ್ಳಿ. ಗಾಳಿ ತೂರುವುದಿಲ್ಲ. ಸಾವಿರಾರು ರೂಪಾಯಿ ಕೊಟ್ಟು ತಂದ ಜಾಕೆಟ್‌ಗಿಂತ ಇದು ವಾಸಿ. ಮತ್ತೆ, ಪತ್ರಿಕೆ ಹತ್ತು ನಿಮಿಷ ತಡವಾದರೆ ಗೇಟಿನಲ್ಲಿ ನಿಂತು ಗಡಿಯಾರ ತೋರಿಸಬೇಡಿ. ನೀವು ತೋರಿಸುತ್ತೀರಿ ಎಂದಲ್ಲ, ತೋರಿಸುವವರಿದ್ದಾರೆ.

ಅವರೆ ಮನೆ:

ಎಲ್ಲರೂ ಶಾಖದ ಬಗ್ಗೆಯೇ ಹೇಳಿದರು. ಆರೂವರೆಯ ಬಾಗಿಲಿನ ಬಗ್ಗೆ ಯಾರೂ ಮಾತಾಡಲಿಲ್ಲ. ನಾನೂ ನಿಮ್ಮ ಹಾಗೆ ಹೊಸ ಬಡಾವಣೆಗೆ ಬಂದವಳು. ಮೊದಲ ವರ್ಷ ಎದುರು ಮನೆಯವರ ಹೆಸರೂ ಗೊತ್ತಿರಲಿಲ್ಲ. ದಾರಿ ಮಾಡಿಕೊಟ್ಟದ್ದು ಅವರೆಕಾಯಿ. ಈಗ ರಸ್ತೆ ಬದಿಯಲ್ಲೆಲ್ಲ ರಾಶಿ ಬಿದ್ದಿದೆ, ಇಬ್ಬನಿ ಬಿದ್ದಷ್ಟೂ ಸೊಗಡು ಹೆಚ್ಚು ಎನ್ನುತ್ತಾರೆ. ಒಂದು ಕೆ.ಜಿ. ತಂದರೆ ಒಬ್ಬರೇ ಸುಲಿಯಬಹುದು. ಐದು ಕೆ.ಜಿ. ತಂದರೆ ಜನ ಬೇಕೇ ಬೇಕು! ಐದು ಕೆ.ಜಿ. ತನ್ನಿ. ಅವ್ವನನ್ನು ಹಗಲಿನಲ್ಲಿ ಗೇಟಿನ ಬಳಿ, ಬಿಸಿಲಿನಲ್ಲಿ, ಮೊರದ ಸಮೇತ ಕೂರಿಸಿ. ಬೀದಿಯಲ್ಲಿ ಹೋಗುವ ಹೆಂಗಸು ಒಬ್ಬರಾದರೂ ‘ಎಷ್ಟಕ್ಕೆ ಕೊಟ್ಟರು ಅಮ್ಮ’ ಎಂದು ನಿಲ್ಲುತ್ತಾರೆ. ನಿಂತವರು ಕೂರುತ್ತಾರೆ. ಕಾಳು ನೆನೆಸಿ ಸಿಪ್ಪೆ ಹಿದುಕುವ ಕೆಲಸ ಸಂಜೆಗಿರಲಿ, ಅದಕ್ಕೂ ಯಾರಾದರೂ ಬರುತ್ತಾರೆ. ಹಿದುಕಿದ ಬೇಳೆಯ ಸಾರಿಗೆ ಬಿಸಿ ಮುದ್ದೆ ಇದ್ದರೆ ಹಣೆಯ ಮೇಲೆ ಬೆವರು ಬರುತ್ತದೆ. ಹೀಟರ್ ದುಡ್ಡು ಉಳಿಯಿತು.

ಇದು ಎಲ್ಲ ಬೀದಿಯಲ್ಲೂ ಫಲಿಸುತ್ತದೆ ಎನ್ನಲಾರೆ. ನನ್ನ ತಂಗಿಯ ಬೀದಿಯಲ್ಲಿ ಸಿಪ್ಪೆ ಹಾರಿ ಬರುತ್ತದೆ ಎಂದು ಜಗಳಕ್ಕೆ ಬಂದರು.

ಬಿಸಿಲೂರಿನವಳು:

ಸಂಕ್ರಾಂತಿಯ ಮರುದಿನ ಬರೆಯುತ್ತಿದ್ದೇನೆ. ಹೀಟರ್ ತರಲಿಲ್ಲ. ವೆಂಟಿಲೇಟರುಗಳಿಗೆ ರಟ್ಟು ಕೊಯ್ದು ಹಾಕಿದೆ, ರಗ್ಗು ಕೆಳಗೆ ಹೋಯಿತು, ಅವ್ವ ಬೆನ್ನಿನ ಮಾತು ಎತ್ತುತ್ತಿಲ್ಲ. ಮೊಸರು ಎರಡನೆಯ ಪ್ರಯತ್ನಕ್ಕೆ ಗಟ್ಟಿಯಾಯಿತು, ಮೊದಲನೆಯದು ಅಕ್ಕಿ ಡಬ್ಬದಲ್ಲಿ ಮಗುಚಿತು. ಸೊಸೆಯವರು ಎಚ್ಚರಿಸಿದ್ದರು, ಆದರೂ.

ಐದು ಕೆ.ಜಿ. ಅವರೆ ತಂದೆ. ಮೊದಲ ದಿನ ಯಾರೂ ನಿಲ್ಲಲಿಲ್ಲ. ಅವ್ವ ಒಬ್ಬಳೇ ಸುಲಿದು ನನ್ನನ್ನು ಬೈದಳು. ಎರಡನೆಯ ದಿನ ಎದುರು ಮನೆಯ ಅಜ್ಜಿ ಬಂದು, ಕೂರದೆ, ನಿಂತುಕೊಂಡೇ ಒಂದು ಗಂಟೆ ಸುಲಿದರಂತೆ. ಅವರಿಗೆ ಅವ್ವನ ಬಳ್ಳಾರಿಯ ಮಾತು ಅರ್ಧ ತಿಳಿಯುವುದಿಲ್ಲ, ಅವ್ವನಿಗೆ ಅವರದು ಅರ್ಧ ತಿಳಿಯುವುದಿಲ್ಲ. ಈಗ ಒಂಬತ್ತಾದರೆ ಇಬ್ಬರೂ ಕಾಂಪೌಂಡಿಗೆ ಒರಗಿ ಕುಳಿತು ಇಡೀ ಬೀದಿಯ ಲೆಕ್ಕ ತೆಗೆಯುತ್ತಾರೆ. ನಿನ್ನೆ ಎಳ್ಳು ಬೆಲ್ಲದ ತಟ್ಟೆ ಹಿಡಿದು ಏಳು ಮನೆಗೆ ಹೋಗಿ ಬಂದೆವು. ರಾತ್ರಿ ಫೋನಿನಲ್ಲಿ ಚಿಕ್ಕಮ್ಮನಿಗೆ ಅವ್ವ ಹೇಳುತ್ತಿದ್ದಳು, ‘ಚಳಿ ಅಂದರೆ ನಮ್ಮ ಕಡೆಯದು, ನಿಮಗೆ ತಡೆಯುವುದಕ್ಕೆ ಆಗುವುದಿಲ್ಲ ಬಿಡು’ ಎಂದು. ನಮ್ಮ ಕಡೆಯದಂತೆ!

ಹೊಸ ತೊಂದರೆ ಒಂದಿದೆ. ಕಾಂಪೌಂಡಿನ ಮೇಲೆ ಬಿಸಿಲಿಗಿಟ್ಟ ಕೊಬ್ಬರಿ ಎಣ್ಣೆಯ ಬಾಟಲಿಯನ್ನು ಮಂಗ ಎತ್ತಿಕೊಂಡು ಹೋಯಿತು, ವಾರದಲ್ಲಿ ಎರಡನೆಯ ಬಾರಿ. ಇದಕ್ಕೆ ಯಾರ ಬಳಿಯಾದರೂ ಉಪಾಯವಿದೆಯೇ?

ತಣ್ಣೀರುಹಳ್ಳದಿಂದ:

ಮಂಗಕ್ಕೂ ಹಿಮ್ಮಡಿ ಒಡೆದಿರಬೇಕು ಮೇಡಂ. ಕಿಟಕಿಯ ಸರಳಿನ ಒಳಗಿಡಿ.