ಬಚ್ಚಲ ನಲ್ಲಿ ಮುಟ್ಟಿದರೆ ಜುಮ್ ಅನ್ನುತ್ತದೆ: ಅರ್ಥ್ ವೈರ್ ಪ್ರಶ್ನೋತ್ತರ

ಹಾಸನದಿಂದ: ಅಣ್ಣ, ಹೊಸ ಮನೆಗೆ ವೈರಿಂಗ್ ಆಗ್ತಾ ಇದೆ. ಗೀಸರ್‌ಗೆ 4 ಸ್ಕ್ವೇರ್ ಎಂಎಂ ಫೇಸ್ ಎಳೆದಿದ್ದಾರೆ. ಅರ್ಥ್‌ಗೆ 1 ಸಾಕು ಅಂತಾರೆ. ಸರಿನಾ?

ಎಲೆಕ್ಟ್ರಿಷಿಯನ್: ಸರಿಯಲ್ಲ. ಫೇಸ್ ಅಂದರೆ ಕರೆಂಟ್ ತರುವ ವೈರ್, ಅರ್ಥ್ ಅಂದರೆ ಬಾಡಿಗೆ ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ವೈರ್. ಫೇಸ್ 16 ಸ್ಕ್ವೇರ್ ಎಂಎಂ ಆಗುವವರೆಗೂ ಅರ್ಥ್ ಕೂಡ ಅಷ್ಟೇ ದಪ್ಪ ಇರಲಿ. ನಿಮಗೆ 4, ಹಸಿರು ಇನ್ಸುಲೇಷನ್ ಇರುವ ತಾಮ್ರದ ವೈರ್.

ಮೈಸೂರಿನಿಂದ: ಲೈಟಿಗೆ 1.5 ಹಾಕಿದ್ದೇವೆ. ಅರ್ಥ್ ಎಷ್ಟು ಸರ್?

ಎಲೆಕ್ಟ್ರಿಷಿಯನ್: 1.5.

ತಿಪಟೂರಿನಿಂದ: ಸರ್, ನಮ್ಮದು ಹಳೇ ಮನೆ, ಕಬ್ಬಿಣದ ಪೈಪು. ಬಚ್ಚಲ ನಲ್ಲಿ ಮುಟ್ಟಿದರೆ ಜುಮ್ ಅನ್ನುತ್ತದೆ. ಗೀಸರ್ ಸ್ವಿಚ್ ಆಫ್ ಇದ್ದರೂ ಬರುತ್ತದೆ. ಪಂಪ್ ಓಡುವಾಗ ಜಾಸ್ತಿ. ಅಮ್ಮ ದಿನಾ ಅಲ್ಲೇ ಸ್ನಾನ ಮಾಡುತ್ತಾರೆ.

ಎಲೆಕ್ಟ್ರಿಷಿಯನ್: ಮೇಡಂ, ಮೊದಲು ಮೇನ್ ಆಫ್ ಮಾಡಿ ಗೀಸರ್ ಪ್ಲಗ್ ಕಿತ್ತಿಡಿ. ಇವತ್ತು ಯಾರೂ ಆ ನಲ್ಲಿ ಮುಟ್ಟಬೇಡಿ. ಪಂಪ್ ಓಡುವಾಗ ಜಾಸ್ತಿ ಅಂದಿರಲ್ಲ, ಅದನ್ನು ಓದಿ ಭಯವಾಯಿತು. ಸಾಕೆಟ್ ಒಳಗೆ ಯಾರೋ ನ್ಯೂಟ್ರಲ್‌ನಿಂದ (ಕರೆಂಟ್ ವಾಪಸ್ ಹೋಗುವ ವೈರ್) ಅರ್ಥ್ ಪಿನ್‌ಗೆ ತುಂಡು ವೈರ್ ಕೊಟ್ಟಿರಬೇಕು. ಲೋಡ್ ಜಾಸ್ತಿಯಾದರೆ ನ್ಯೂಟ್ರಲ್‌ನಲ್ಲಿ ಸ್ವಲ್ಪ ವೋಲ್ಟೇಜ್ ಏರುತ್ತದೆ. ಅದೇ ಗೀಸರ್ ಬಾಡಿಗೆ, ಅಲ್ಲಿಂದ ಪೈಪಿಗೆ ಬರುತ್ತಿದೆ. ಸ್ವಿಚ್ ಫೇಸ್ ಒಂದನ್ನೇ ಕಡಿಯುವುದು, ಅದಕ್ಕೇ ಆಫ್ ಮಾಡಿದರೂ ನಿಲ್ಲುವುದಿಲ್ಲ. ಗೀಸರ್ ಓಡುವಾಗ ಆ ನ್ಯೂಟ್ರಲ್ ಎಲ್ಲಾದರೂ ಕಡಿದರೆ 230 ವೋಲ್ಟ್ ನಲ್ಲಿಗೆ ಬರುತ್ತದೆ.

ಇನ್ನೊಂದು ಮಾತು. ಅರ್ಥ್ ವೈರ್ ನೆಲ ಸೇರುವ ಗುಂಡಿಯ ರೆಸಿಸ್ಟೆನ್ಸ್ 20 ಓಮ್ ಇದ್ದರೆ, ಫೇಸ್ ಬಾಡಿಗೆ ತಗುಲಿದಾಗ ಹರಿಯುವುದು 11.5 ಆಂಪ್ಸ್ ಮಾತ್ರ. 16 ಆಂಪ್ಸ್ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್) ಬೀಳುವುದೇ ಇಲ್ಲ, ಬಾಡಿಯಲ್ಲಿ ಕರೆಂಟ್ ಹಾಗೇ ಉಳಿಯುತ್ತದೆ. ಅದಕ್ಕೇ 30 ಮಿಲಿಆಂಪ್ಸ್ ಆರ್‌ಸಿಸಿಬಿ (ಸಣ್ಣ ಸೋರಿಕೆಗೂ ಕರೆಂಟ್ ಕಡಿಯುವ ಸ್ವಿಚ್) ಹಾಕಿಸಲೇಬೇಕು.

ಶಿರಸಿಯಿಂದ: ಫಾರ್ವರ್ಡ್ ಬಂದಿದೆ. ಗುಂಡಿಗೆ ಉಪ್ಪು, ಇದ್ದಿಲು ಸುರಿದರೆ ಶಾಕ್ ನಿಲ್ಲುತ್ತದಂತೆ.

ಎಲೆಕ್ಟ್ರಿಷಿಯನ್: ಸಾಕೆಟ್‌ನಿಂದ ಗುಂಡಿಗೆ ವೈರೇ ಇಲ್ಲದಿದ್ದರೆ ಉಪ್ಪು ಏನು ಮಾಡುತ್ತದೆ? ಉಪ್ಪು ಮಳೆಗೆ ತೊಳೆದು ಹೋಗುತ್ತದೆ, ಪೈಪನ್ನೂ ತಿನ್ನುತ್ತದೆ. ಇಂಥದ್ದನ್ನು ಇಲ್ಲಿ ಹಾಕಬೇಡಿ.

ದಾವಣಗೆರೆಯಿಂದ: ಹಸಿರು ವೈರ್ ಸುಮ್ನೆ ಖರ್ಚು. ನಮ್ಮ ಅಪ್ಪ 14 ಗೇಜಿನ ಬೋಳು ತಂತಿ ಹಾಕಿದ್ದರು. ಇವತ್ತಿಗೂ ಏನೂ ಆಗಿಲ್ಲ.

ಬೆಳಗಾವಿಯಿಂದ: ನಮ್ಮಲ್ಲಿ ಅದೇ ಬೋಳು ತಂತಿ ಬೋರ್ಡ್ ಒಳಗೆ ಫೇಸ್ ಸ್ಕ್ರೂಗೆ ತಗುಲಿ ಸ್ವಿಚ್ ಸುಟ್ಟಿತು.

ದಾವಣಗೆರೆಯಿಂದ: ಅದು ಕೆಲಸಗಾರನ ತಪ್ಪು, ತಂತಿಯದ್ದಲ್ಲ.

ಬೆಳಗಾವಿಯಿಂದ: ಸುಟ್ಟಿದ್ದು ನಮ್ಮ ಮನೆಯ ಸ್ವಿಚ್, ನಿಮ್ಮದಲ್ಲ.

ಎಲೆಕ್ಟ್ರಿಷಿಯನ್: ಇಬ್ಬರೂ ಸಾಕು ಮಾಡಿ. 14 ಗೇಜ್ ಅಂದರೆ ಸುಮಾರು 3.2 ಸ್ಕ್ವೇರ್ ಎಂಎಂ, ಫೇಸ್ ಅದಕ್ಕಿಂತ ದಪ್ಪ ಇಲ್ಲದಿದ್ದರೆ ದಪ್ಪಕ್ಕೆ ತೊಂದರೆಯಿಲ್ಲ. ಇಕ್ಕಟ್ಟಾದ ಬೋರ್ಡ್ ಒಳಗೆ ಬೋಳು ತಂತಿ ಬೇಡ.



ಕೋಲಾರದಿಂದ: ಎಸಿಗೆ 4 ಎಳೆದಿದ್ದಾರೆ. ಅರ್ಥ್ ಎಷ್ಟು?

ಎಲೆಕ್ಟ್ರಿಷಿಯನ್: ಮೇಲೆ ಓದಿ.

ತಿಪಟೂರಿನಿಂದ: ಸರ್, ಕೆಲಸದವರನ್ನು ಕರೆಸಿ ಸಾಕೆಟ್ ಬಿಚ್ಚಿಸಿದೆ. ನೀವು ಹೇಳಿದ ತುಂಡು ವೈರ್ ಇತ್ತು. ಅರ್ಥ್ ವೈರ್ ಅಲ್ಲಿಗೆ ಬಂದೇ ಇಲ್ಲ.

ಎಲೆಕ್ಟ್ರಿಷಿಯನ್: ತುಂಡು ತೆಗೆಸಿ, ಗುಂಡಿವರೆಗೆ ಹೊಸ ವೈರ್ ಎಳೆಸಿ. ಬೇರೆ ಸಾಕೆಟ್‌ಗಳನ್ನೂ ಬಿಚ್ಚಿಸಿ ನೋಡಿ. ಒಂದು ಕಡೆ ಹೀಗೆ ಮಾಡಿದವನು ಇನ್ನೊಂದು ಕಡೆಯೂ ಮಾಡಿರಬಹುದು. ಅಲ್ಲಿಯವರೆಗೆ ಅಮ್ಮನಿಗೆ ಒಲೆ ಮೇಲೆ ನೀರು ಕಾಯಿಸಿಕೊಡಿ.