ಸಹಾಯ ಬೇಕು: ಹೀಟಿಂಗ್ ಆಯಿಲ್ ಇಷ್ಟೊಂದು ಎಲ್ಲಿ ಹೋಗುತ್ತಿದೆ?

ಎಲ್ಲರಿಗೂ ನಮಸ್ಕಾರ. ನಾವಿರುವುದು ಅಮೆರಿಕದ ಮ್ಯಾಸಚೂಸೆಟ್ಸ್‌ನ ಒಂದು ಹಳೇ ಮನೆಯಲ್ಲಿ. ಬೇಸ್‌ಮೆಂಟ್‌ನಲ್ಲಿ ಮನೆ ಬೆಚ್ಚಗಿಡುವ ಬಾಯ್ಲರ್‌ಗೆ ಉರಿಸುವ ಎಣ್ಣೆಯ (ಹೀಟಿಂಗ್ ಆಯಿಲ್) 275 ಗ್ಯಾಲನ್ ಟ್ಯಾಂಕ್ ಇದೆ, ಈ ಚಳಿಯಲ್ಲಿ ಒಂದು ಸಲ ತುಂಬಿಸಿದರೆ ತಿಂಗಳು ಬರುವುದೇ ಕಷ್ಟ. ಪಕ್ಕದ ಮನೆಯೂ ಹೆಚ್ಚುಕಮ್ಮಿ ಇಷ್ಟೇ ದೊಡ್ಡದು, ಅವರಿಗೆ ಇದರ ಅರ್ಧ ಸಾಕಂತೆ.

ಥರ್ಮೋಸ್ಟಾಟ್ ಹಗಲು 66, ರಾತ್ರಿ 62 ಡಿಗ್ರಿ ಫ್ಯಾರನ್‌ಹೀಟ್‌ಗೆ ಇಟ್ಟಿದ್ದೇವೆ. ಕಿಟಕಿಗೆಲ್ಲ ಪ್ಲಾಸ್ಟಿಕ್ ಹಾಳೆ ಅಂಟಿಸಿದ್ದಾಯಿತು. ಮೆಕ್ಯಾನಿಕ್ ಬಂದು ಬಾಯ್ಲರ್ ಕ್ಲೀನ್ ಮಾಡಿ, ನಾಝಲ್, ಫಿಲ್ಟರ್ ಬದಲಾಯಿಸಿ, ಎಫಿಶಿಯೆನ್ಸಿ 84% ಇದೆ, ಏನೂ ತೊಂದರೆ ಇಲ್ಲ ಅಂದರು. ಟ್ಯಾಂಕ್ ಕೆಳಗೆ ಸೋರಿದ ಗುರುತೂ ಇಲ್ಲ, ವಾಸನೆಯೂ ಇಲ್ಲ.

ನನಗೆ ಅರ್ಥವಾಗದೇ ಇರುವುದು ಇಷ್ಟು. ಯಾವ ರೂಮೂ ಬಿಸಿ ಕೇಳದೇ ಇದ್ದಾಗಲೂ ಬರ್ನರ್ ಗುಡುಗುಡು ಅಂತ ಹೊತ್ತಿಕೊಂಡು ಸ್ವಲ್ಪ ಹೊತ್ತಿಗೆ ಆರುತ್ತದೆ, ಮತ್ತೆ ಹೊತ್ತಿಕೊಳ್ಳುತ್ತದೆ. ನಲ್ಲಿಯ ಬಿಸಿನೀರಿಗೆ ಬೇರೆ ಟ್ಯಾಂಕ್ ಇಲ್ಲ, ಬಾಯ್ಲರ್ ಒಳಗಿನ ಕಾಯಿಲ್‌ನಿಂದಲೇ (ಸುರುಳಿ ಪೈಪ್) ಬರುತ್ತದೆ, ಹಾಗಾಗಿ ಬಾಯ್ಲರ್ ಹಗಲೂ ರಾತ್ರಿ ಬಿಸಿಯಾಗಿಯೇ ಇರಬೇಕು. ಆ 84% ಉರಿಯುವಾಗಿನ ಲೆಕ್ಕ ಮಾತ್ರ, ಸುಮ್ನೆ ನಿಂತಾಗ ಹೋಗುವ ಬಿಸಿ ಅದರಲ್ಲಿ ಸೇರುವುದಿಲ್ಲ ಅಲ್ವಾ? ಇನ್ನೊಂದು ಕಡೆ, ಬೇಸ್‌ಮೆಂಟ್ ಗೋಡೆಗೂ ಮೇಲಿನ ಮರದ ತೊಲೆಗೂ ನಡುವೆ ಕೈ ಇಟ್ಟರೆ ತಣ್ಣನೆ ಗಾಳಿ ತಾಗುತ್ತದೆ.

ಈ ವರ್ಷ ಒಂದಕ್ಕೆ ಮಾತ್ರ ದುಡ್ಡು ಹೊಂದಿಸಬಹುದು. ಇಂಥ ಬಾಯ್ಲರ್ ಇರುವವರು ದಯವಿಟ್ಟು ಹೇಳಿ: ಬಿಸಿನೀರಿಗೆ ಬೇರೆ ಹೀಟರ್ ಹಾಕಿಸಿದ ಮೇಲೆ ಆಯಿಲ್ ನಿಜವಾಗಿ ಕಡಿಮೆಯಾಯಿತಾ, ಅಥವಾ ಮೊದಲು ಆ ಸಂದುಗಳನ್ನು ಮುಚ್ಚಿಸಲಾ?