1732ರಿಂದ 1734: ಎರಡೇ ವರ್ಷ ಆಳಿದ ಚಾಮರಾಜ ಒಡೆಯರ ಕಥೆ ಏನು?

ಮಳವಳ್ಳಿ ಹೈದ:
ಎಲ್ಲರಿಗೂ ನಮಸ್ಕಾರ. ಊರು ಮಳವಳ್ಳಿ, ಈಗ ಮೈಸೂರಲ್ಲಿ ವಾಸ. ಮಗಳಿಗೆ ಶಾಲೆಯಲ್ಲಿ ಮೈಸೂರು ಅರಸರ ಪಟ್ಟಿ ಬರೆದು ತರೋಕೆ ಹೇಳಿದ್ದಾರೆ. ನಿನ್ನೆ ನಾನು ಅಟ್ಟದಿಂದ ಬೊಂಬೆ ಪೆಟ್ಟಿಗೆ ಇಳಿಸಿ ಪಟ್ಟದ ಬೊಂಬೆಗಳ ಧೂಳು ಒರೆಸುತ್ತಿದ್ದೆ. (ರಾಜನ ಮೂಗಿನ ಬಣ್ಣ ಎದ್ದುಹೋಗಿದೆ, ಈ ಸಲವೂ ಹಾಗೇ ಕೂರಿಸೋದು.) ಅವಳು ಪಟ್ಟಿ ಹಿಡಿದು ಬಂದು, "ಅಪ್ಪಾ, ಇವರಿಗೆ ಯಾಕೆ ಎರಡೇ ವರ್ಷ?" ಅಂದಳು. ನೋಡಿದರೆ ಚಾಮರಾಜ ಒಡೆಯರ್, 1732ರಿಂದ 1734. ಹಿಂದಿನವರು 18 ವರ್ಷ, ಮುಂದಿನವರು 32 ವರ್ಷ. ನಡುವೆ ಇವರು.

ಚಿಕ್ಕವನಿದ್ದಾಗ ನಾನು ಹಟ ಹಿಡಿದರೆ ಅಜ್ಜಿ, "ಕಬ್ಬಾಳದುರ್ಗಕ್ಕೆ ಹಾಕಿಸ್ತೀನಿ ನೋಡು" ಅಂತ ಹೆದರಿಸುತ್ತಿದ್ದರು. ಈ ರಾಜರನ್ನು ಹಾಕಿದ್ದು ಆ ಬೆಟ್ಟದ ಸೆರೆಗೇ ಅಂತ ಕೇಳಿದ ನೆನಪು. ನಿಜಾನಾ? ಏನು ತಪ್ಪು ಮಾಡಿದ್ದರು?

ತಲಕಾಡು ಮರಳು:
ಇಷ್ಟು ಯೋಚನೆ ಯಾಕೆ ಸಾರ್? ಅಲಮೇಲಮ್ಮನ ಶಾಪ. "ಮೈಸೂರು ದೊರೆಗೆ ಮಕ್ಕಳಾಗದೆ ಹೋಗಲಿ." ದೊಡ್ಡ ಕೃಷ್ಣರಾಜರಿಗೆ ಮಕ್ಕಳಿರಲಿಲ್ಲ, ದತ್ತು ತಗೊಂಡರು, ಬಂದವರೂ ಉಳಿಯಲಿಲ್ಲ. ಮುಗೀತು.

ಪಟ್ಣದ ಮೇಷ್ಟ್ರು:
ತಲಕಾಡಿನವರೇ, ಶಾಪ ನಿಮ್ಮೂರಿನದು, ನೀವು ಬಿಟ್ಟುಕೊಡಲ್ಲ ಅಂತ ಗೊತ್ತು. ಆದರೆ ಈ ಮನುಷ್ಯನ ವಿಷಯದಲ್ಲಿ ಶಾಪವನ್ನು ಸ್ವಲ್ಪ ಪಕ್ಕಕ್ಕಿಡಿ. ಅಲಮೇಲಮ್ಮನ ಹತ್ತಿರ ಸೈನ್ಯ ಇರಲಿಲ್ಲ. ದಳವಾಯಿಗಳ, ಅಂದರೆ ರಾಜ್ಯದ ಸೇನಾಪತಿಗಳ ಹತ್ತಿರ ಇತ್ತು.

ನಾನು ಶ್ರೀರಂಗಪಟ್ಟಣದಲ್ಲಿ ಇತಿಹಾಸ ಪಾಠ ಮಾಡಿ ರಿಟೈರ್ ಆದವನು. ಅಷ್ಟು ವರ್ಷದಲ್ಲಿ ಈ ರಾಜನ ಬಗ್ಗೆ ಒಂದು ಮಾರ್ಕಿನ ಪ್ರಶ್ನೆಯನ್ನೂ ನಾನು ನೋಡಲಿಲ್ಲ. ಆ ಸಿಟ್ಟು ಇದೆ, ಹಾಗಾಗಿ ಸ್ವಲ್ಪ ಜಾಸ್ತಿ ಬರೆಯುತ್ತೇನೆ.

ಚಿಕ್ಕದೇವರಾಜ ಒಡೆಯರು 1704ರಲ್ಲಿ ತೀರಿಕೊಂಡರು. ಅವರ ಮಗ ಕಂಠೀರವ ನರಸರಾಜರಿಗೆ ಮಾತು ಬರುತ್ತಿರಲಿಲ್ಲ, ಜನ ಮೂಕರಸು ಅಂತಲೇ ಕರೆದರು. ಆಮೇಲೆ ದೊಡ್ಡ ಕೃಷ್ಣರಾಜರು. ಇವರ ಕಾಲಕ್ಕೆ ಆಡಳಿತ ಮೆಲ್ಲಗೆ ಕಳಲೆ ಮನೆತನದ ಕೈಗೆ ಜಾರಿತು. ಕಳಲೆ ಗೊತ್ತಲ್ಲ, ನಂಜನಗೂಡಿನ ಹತ್ತಿರ. ರಾಜ ಮೈಸೂರಿನವರು, ದಳವಾಯಿ ಕಳಲೆಯವರು ಅನ್ನೋ ಏರ್ಪಾಡು ಹಿಂದಿನಿಂದ ಇತ್ತು. ರಾಜ ಗಟ್ಟಿಯಿದ್ದಾಗ ಅದರಿಂದ ತೊಂದರೆಯಿಲ್ಲ.

1732ರಲ್ಲಿ ದೊಡ್ಡ ಕೃಷ್ಣರಾಜರು ಹೋದಾಗ ಅಂಕನಹಳ್ಳಿಯ ಅರಸು ಮನೆತನದಿಂದ ಚಾಮರಾಜರನ್ನು ದತ್ತು ತಂದು ಪಟ್ಟ ಕಟ್ಟಿದರು. ದಳವಾಯಿ ದೇವರಾಜಯ್ಯ, ಅವರ ಕಡೆಯ ನಂಜರಾಜಯ್ಯ, ಇಬ್ಬರ ಲೆಕ್ಕ ಏನೆಂದರೆ ಈತ ನಿಮ್ಮ ಮನೆಯ ಪಟ್ಟದ ಬೊಂಬೆ ಥರ ಇರಬೇಕು. ದಸರೆಗೆ ಕೂರಿಸೋದು, ಆರತಿ ಎತ್ತೋದು, ಪೆಟ್ಟಿಗೆಗೆ ಹಾಕೋದು. ಈತ ಕೂರಲಿಲ್ಲ. ದಳವಾಯಿಗಳ ಹಿಡಿತ ಬಿಡಿಸಿಕೊಂಡು ತಾನೇ ಆಳಬೇಕು ಅಂತ ಹೊರಟರು. ಮಗಳಿಗೆ ಹೇಳಿ, ತಪ್ಪು ಅಂದರೆ ಇದೇ ತಪ್ಪು.

1734ರಲ್ಲಿ ಹಿಡಿದರು. ರಾಣಿಯ ಸಮೇತ ಕಬ್ಬಾಳದುರ್ಗಕ್ಕೆ ಸಾಗಿಸಿದರು. ಕತ್ತಿ ಎತ್ತುವ ಅಗತ್ಯವೇ ಬರಲಿಲ್ಲ. ಆ ಬೆಟ್ಟದ ಹವೆ, ಅಲ್ಲಿ ಕೊಟ್ಟ ಕೆಟ್ಟ ಊಟ, ಅಷ್ಟೇ ಸಾಕಾಯಿತು. ನಿಮ್ಮ ಅಜ್ಜಿ ಸುಮ್ನೆ ಹೆದರಿಸಿದ್ದಲ್ಲ.

ಇನ್ನೊಂದು ವಿಷಯ. ಮುಂದೆ ಪಟ್ಟಕ್ಕೆ ತಂದ ಇಮ್ಮಡಿ ಕೃಷ್ಣರಾಜರು ಆಗಿನ್ನೂ ಐದಾರು ವರ್ಷದ ಹುಡುಗ. ಬೆಳೆದವನನ್ನು ತಂದು ಕೈ ಸುಟ್ಟುಕೊಂಡಿದ್ದರಲ್ಲ, ಈ ಸಲ ಹುಷಾರಾಗಿದ್ದರು. ಪಟ್ಟಿಯಲ್ಲಿ 32 ವರ್ಷ ಕಾಣೋದು ಅದಕ್ಕೇ.

ಗಂಜಾಂ ಗೌಡ್ತಿ:
ಮೇಷ್ಟ್ರೇ, ಹೈದರಾಲಿ ಕುತ್ತಿಗೆ ಹಿಸುಕಿಸಿದ್ದು ಇವರನ್ನೇ ಅಲ್ವಾ? ನಮ್ಮ ಮನೇಲಿ ಹಾಗೇ ಹೇಳ್ತಾರೆ.

ಪಟ್ಣದ ಮೇಷ್ಟ್ರು:
ಅಲ್ಲ ತಾಯಿ, ಅದು ನಂಜರಾಜ ಒಡೆಯರು, ಇಮ್ಮಡಿಯವರ ಮಗ. ಈ ಹೆಸರುಗಳೇ ಹಾಗೆ, ಹೊರಗಟ್ಟಿದವರೂ ನಂಜರಾಜ, ಸತ್ತವರೂ ನಂಜರಾಜ! 1766ರಲ್ಲಿ ಅಪ್ಪ ತೀರಿಕೊಂಡಾಗ ಈ ಹುಡುಗನಿಗೆ ಹದಿನೆಂಟರ ಆಸುಪಾಸು. ಅಷ್ಟು ಹೊತ್ತಿಗೆ ದಳವಾಯಿಗಳ ಜಾಗದಲ್ಲಿ ಹೈದರ್ ಇದ್ದ. ಈ ಹುಡುಗನೂ ಸುಮ್ಮನಿರಲಿಲ್ಲ. ಮರುವರ್ಷವೇ ಹೈದರ್ ಅರಮನೆಯ ಖರ್ಚಿಗೆ ಬಿಟ್ಟಿದ್ದ ಮೂರು ಲಕ್ಷ ವರಹದ ಆದಾಯ ಕಿತ್ತುಕೊಂಡ, ಒಳಗಿದ್ದ ನಗ ನಾಣ್ಯ ಬಾಚಿಸಿದ. 1770ರಲ್ಲಿ ಮರಾಠರ ಜೊತೆ ಒಳಗೊಳಗೇ ಮಾತುಕತೆ ಅನ್ನೋ ಅನುಮಾನದ ಮೇಲೆ ಪ್ರಾಣ ತೆಗೆಸಿದ. ಆಮೇಲೆ ನಂಜರಾಜರ ತಮ್ಮನನ್ನು ಕೂರಿಸಿದ. ಆತನೂ 1776ರಲ್ಲಿ ಹೋದಾಗ ಅರಸು ಮಕ್ಕಳನ್ನೆಲ್ಲ ಒಟ್ಟಿಗೆ ಸೇರಿಸಿ ಮುಂದೆ ಹಣ್ಣು, ಆಟಿಕೆ ಹರಡಿದನಂತೆ. ಒಂದು ಮಗು ಅವನ್ನೆಲ್ಲ ಬಿಟ್ಟು ಬಾಕು ಎತ್ತಿಕೊಂಡಿತಂತೆ. "ಇವನೇ ರಾಜ" ಅಂದನಂತೆ. ಕಥೆಯಲ್ಲಿ ಉಪ್ಪುಖಾರ ಎಷ್ಟೋ, ಆದರೆ ಆ ಮಗುವೇ ಖಾಸಾ ಚಾಮರಾಜರು, ಮುಮ್ಮಡಿ ಕೃಷ್ಣರಾಜರ ಅಪ್ಪ.

ತಲಕಾಡು ಮರಳು:
ಎಲ್ಲ ಸರಿ ಮೇಷ್ಟ್ರೇ. ಆದರೂ ಎಲ್ಲ ದತ್ತುಮಕ್ಕಳೇ ಯಾಕೆ, ಅದನ್ನ ಹೇಳಿ.

ಪಟ್ಣದ ಮೇಷ್ಟ್ರು:
ನಂಜರಾಜ ಒಡೆಯರು ಹೊಟ್ಟೆಯಲ್ಲಿ ಹುಟ್ಟಿದ ಮಗ, ಮೂಕರಸೂ ಹಾಗೇ. ಮೇಲೆ ಬರೆದಿದ್ದೀನಿ, ಓದಿ.

ಮಳವಳ್ಳಿ ಹೈದ:
ತುಂಬಾ ಥ್ಯಾಂಕ್ಸ್ ಮೇಷ್ಟ್ರೇ. ಮಗಳಿಗೆ ಓದಿ ಹೇಳಿದೆ. "ರಾಣೀನ ಯಾಕೆ ಕಳಿಸಿದ್ರು, ಅವರೇನು ಮಾಡಿದ್ರು?" ಅಂತ ಕೇಳಿದಳು. ಉತ್ತರ ಹೊಳೆಯಲಿಲ್ಲ. ಈಗ ಬೆಟ್ಟ ನೋಡಲೇಬೇಕಂತೆ. ಭಾನುವಾರ ಮಳವಳ್ಳಿಗೆ ಹೋಗಿ, ಹಲಗೂರು ದಾಟಿ ಸಾತನೂರು ಕಡೆಯಿಂದ ಹೋಗೋಣ ಅಂತಿದ್ದೀವಿ. ಕಬ್ಬಾಳಮ್ಮನಿಗೆ ಕೈಮುಗಿದು ಹತ್ತೋದು.

ಪಟ್ಣದ ಮೇಷ್ಟ್ರು:
ಹೋಗಿಬನ್ನಿ. ಬಿಸಿಲೇರೋ ಮುಂಚೆ ಹತ್ತಿ. ಬಂಡೆ ನುಣುಪು, ಮಗುವಿಗೆ ಒಳ್ಳೆ ಚಪ್ಪಲಿ ಹಾಕಿಸಿ. ಊಟ, ನೀರು ಎರಡೂ ಮನೆಯಿಂದಲೇ ತಗೊಂಡು ಹೋಗಿ.